ಸಿಗರೇಟು, ಸೊಕ್ಕು, ಕವಳ

ಕಾರವಾರದ ಬೀಚಿನಲ್ಲಿ ಹುಡುಗಿಯೊಬ್ಬಳು ಸಿಗರೇಟು ಹಚ್ಚಿದರೆ ಹತ್ತು ತಲೆ ತಿರುಗುತ್ತವೆ. ಅಜ್ಜಿ ಕವಳಕ್ಕೆ (ಎಲೆಯಡಿಕೆಗೆ) ಹೊಗೆಸೊಪ್ಪು ಮುರಿದು ಹಾಕಿಕೊಂಡರೆ ಯಾರಿಗೂ ಏನಿಲ್ಲ. ನಿಕೋಟಿನ್ ಎರಡರಲ್ಲೂ ಅದೇ.

ಸೇದುವ ಹುಡುಗಿಗೆ 'ಸೊಕ್ಕು' ಅನ್ನುವುದು ಸುಲಭ. ಸೇದುವವರಲ್ಲಿ ಹೆಚ್ಚಾಗಿ ಕಾಣುವ ಗುಣಗಳೇ ಬೇರೆ: ಬೇಗ ಕಳವಳಗೊಳ್ಳುವುದು, ಯೋಚಿಸುವ ಮೊದಲೇ ಕೈಹಾಕುವುದು, ಹೊಸದರ ಹುಚ್ಚು. ಸುಮಾರು 2 ತಾಸಿನಲ್ಲಿ ರಕ್ತದ ನಿಕೋಟಿನ್ ಅರ್ಧಕ್ಕಿಳಿಯುತ್ತದೆ. ಆಗ ಏಳುವ ಚಡಪಡಿಕೆಯನ್ನು ಕಳವಳದ ಹುಡುಗಿ ತನ್ನ ಸ್ವಭಾವವೆಂದೇ ತಿಳಿಯುತ್ತಾಳೆ. ಹೆಂಗಸರ ದೇಹದಲ್ಲಿ ನಿಕೋಟಿನ್ ಇನ್ನೂ ಬೇಗ ಕರಗುತ್ತದೆ, ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ ನುಂಗುತ್ತಿದ್ದರೆ ಮತ್ತಷ್ಟು. (ಆ ಮಾತ್ರೆಗೆ ಸಿಗರೇಟು ಸೇರಿದರೆ ರಕ್ತ ಹೆಪ್ಪುಗಟ್ಟುವ ಅಪಾಯ ಬೇರೆ.)

ಬಿಟ್ಟವರಿಗೆ 2–3ನೇ ದಿನವೇ ಅತಿ ಕಷ್ಟ. ಚಟ ಬಿಡಲು ಜಗಿಯುವ ನಿಕೋಟಿನ್ ಗಮ್ ಅನ್ನು ಬಬಲ್‌ಗಮ್ಮಿನಂತೆ ಜಗಿದರೆ ಬಿಕ್ಕಳಿಕೆ, ಎದೆಯುರಿ. ನಾಲಿಗೆಗೆ ಖಾರ ತಾಗಿದೊಡನೆ ಕೆನ್ನೆಯೊಳಗೆ ಒತ್ತಿಡಬೇಕು, ಥೇಟ್ ಅಜ್ಜಿ ಕವಳ ಇಟ್ಟ ಹಾಗೆ.