13 ಸೀಟು, 52 ಲೋಟ, 260 ಕಾಳು

ಮಂಡಿಯಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಸಂಜೆ ಮನೆಗೆ ಬಂದ ಮೇಲೂ ಲೆಕ್ಕವೇ, ಆದರೆ ಇದಕ್ಕೆ ಸಂಬಳ ಇಲ್ಲ. ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಯನ್ನು ಒಂದೇ ದೊಡ್ಡ ಕ್ಷೇತ್ರ ಮಾಡಿ, ಬಿದ್ದ ಮತಕ್ಕೆ ತಕ್ಕಂತೆ ವಿಧಾನಸಭೆ ಸೀಟು ಹಂಚಿದರೆ ಹೇಗಿರುತ್ತೆ ಅಂತ ಒಂದು ಪದ್ಧತಿ ಕಟ್ಟುತ್ತಿದ್ದೇನೆ. ಶುರು ಮಾಡಿ ಮೂರು ತಿಂಗಳಾಯಿತು. ಎಲ್ಲಿಗೆ ಬಂತು ಅಂತ ಒಂದು ಸಲ ಬರೆದಿಡೋಣ ಅನ್ನಿಸಿತು.

ತಲೆಗೆ ಹುಳ ಹೊಕ್ಕಿದ್ದು ಹೀಗೆ. ಈಗಿನ ಗಡಿಯಲ್ಲಿ ದಾವಣಗೆರೆ ಜಿಲ್ಲೆಗೆ 7 ಸೀಟು, ಚಿತ್ರದುರ್ಗಕ್ಕೆ 6. ಒಟ್ಟು 13. ಇವುಗಳಲ್ಲಿ 2018ರಲ್ಲಿ ಬಿಜೆಪಿ ಗೆದ್ದದ್ದು 10, ಕಾಂಗ್ರೆಸ್ 3. 2023ರಲ್ಲಿ ಕಾಂಗ್ರೆಸ್ 11, ಬಿಜೆಪಿಗೆ ಹರಿಹರ ಮತ್ತು ಹೊಳಲ್ಕೆರೆ ಎರಡೇ. ಊರಿಗೆ ಊರೇ ಮನಸ್ಸು ಬದಲಾಯಿಸಿತಲ್ಲ ಅಂದುಕೊಂಡಿದ್ದೆ. ಆಮೇಲೆ ಇಡೀ ರಾಜ್ಯದ ಅಂಕಿ ತೆಗೆದು ನೋಡಿದೆ. ಬಿಜೆಪಿಯ ಮತ ಎರಡೂ ಸಲ ನೂರಕ್ಕೆ 36ರ ಆಸುಪಾಸು. ಮತ ಅಲ್ಲೇ ಇದೆ, ಸೀಟು ಮಾತ್ರ 104ರಿಂದ 66ಕ್ಕೆ ಇಳಿದಿದೆ. 2018ರಲ್ಲಿ ಬಿಜೆಪಿಗಿಂತ ಜಾಸ್ತಿ ಮತ ತಗೊಂಡ ಕಾಂಗ್ರೆಸ್ ಸೀಟಿನಲ್ಲಿ ಹಿಂದೆ ಬಿದ್ದಿತ್ತು. ಮಂಡಿಯಲ್ಲಿ ತೂಕ ಹಾಗೇ ಇದ್ದು ಬಿಲ್ ಹಿಂಗೆ ಏರಿಳಿದರೆ ರೈತರು ತಕ್ಕಡಿ ಕಿತ್ತೆಸೆಯುತ್ತಾರೆ.

ಈ ಆಸೆ ಹೊಸದೇನಲ್ಲ. ಸಂವಿಧಾನ ಸಭೆಯಲ್ಲೂ ಮತಕ್ಕೆ ತಕ್ಕ ಸೀಟು ಬೇಕು ಅಂತ ಕೇಳಿದವರಿದ್ದರು. ಅಂಬೇಡ್ಕರ್ ಒಪ್ಪಲಿಲ್ಲ. ಓದು ಬರಹ ಬಂದವರು ಕಡಿಮೆ, ಈ ಪದ್ಧತಿ ಅವರಿಗೆ ಕಷ್ಟ, ಮೇಲಾಗಿ ಸರ್ಕಾರ ಗಟ್ಟಿಯಾಗಿ ನಿಲ್ಲುವುದಿಲ್ಲ ಅನ್ನೋದು ಅವರ ವಾದ. ಎರಡನೆಯದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಮೊದಲನೆಯದನ್ನು ಮಾತ್ರ ಗೋಡೆ ಮೇಲೆ ಬರೆದು ಅಂಟಿಸಿಕೊಂಡೆ: ಅಜ್ಜಿಗೆ ಯಾರ ಸಹಾಯ ಇಲ್ಲದೆ ಮತ ಹಾಕೋಕೆ ಬರಬೇಕು.

ಗಡಿ

ಲೋಕಸಭಾ ಕ್ಷೇತ್ರವನ್ನೇ ಒಂದು ಪ್ರದೇಶ ಅಂತ ಹಿಡಿಯೋಣ ಅಂತ ಹೊರಟಿದ್ದೆ. ರಾಜ್ಯದ 224 ವಿಧಾನಸಭೆ ಸೀಟನ್ನು 28 ಲೋಕಸಭಾ ಕ್ಷೇತ್ರಕ್ಕೆ ಭಾಗಿಸಿದರೆ ಸರಿಯಾಗಿ 8, ನೋಡೋಕೆ ಚೆಂದ. ಆದರೆ ದಾವಣಗೆರೆ ಲೋಕಸಭೆಗೆ ವಿಜಯನಗರ ಜಿಲ್ಲೆಯ ಹರಪನಹಳ್ಳಿ ಸೇರುತ್ತೆ, ಚಿತ್ರದುರ್ಗಕ್ಕೆ ತುಮಕೂರು ಜಿಲ್ಲೆಯ ಶಿರಾ, ಪಾವಗಡ. ಬರೀ ಜಿಲ್ಲೆ ಅಂತ ಹಿಡಿದರೆ ಕೊಡಗಿಗೆ ಎರಡೇ ಸೀಟು, ಎರಡರಲ್ಲಿ ಏನು ಪಾಲು ಮಾಡ್ತೀರಿ? ಕೊನೆಗೆ ಅಕ್ಕಪಕ್ಕದ ಜಿಲ್ಲೆಗಳನ್ನು ಜೋಡಿ ಮಾಡೋದು ಅಂತಾಯಿತು. 1997ರವರೆಗೆ ದಾವಣಗೆರೆ ಊರು ಚಿತ್ರದುರ್ಗ ಜಿಲ್ಲೆಯೊಳಗೇ ಇತ್ತು, ಹಾಗಾಗಿ ನಮ್ಮ ಜೋಡಿಗೆ ಜಗಳ ಬರಲ್ಲ ಅಂತ ಧೈರ್ಯ.

ಮೊದಲ ಪ್ರಯೋಗ

ಮೊದಲು ಹಿಡಿದದ್ದು ತೆರೆದ ಪಟ್ಟಿ. ಅಂದರೆ ಪಕ್ಷ ಹೆಸರುಗಳ ಪಟ್ಟಿ ಕೊಡುತ್ತೆ, ಅದರಲ್ಲಿ ಯಾರು ಮೇಲೆ ಅಂತ ಮತದಾರರೇ ತೀರ್ಮಾನ ಮಾಡ್ತಾರೆ. ಫಿನ್ಲೆಂಡ್‌ನಲ್ಲಿ ಹೀಗೆ. ಅಲ್ಲಿ ಮತ ಹಾಕೋದು ಒಬ್ಬ ಅಭ್ಯರ್ಥಿಯ ನಂಬರಿಗೆ. ಆ ಮತ ಮೊದಲು ಅವರ ಪಕ್ಷದ ಲೆಕ್ಕಕ್ಕೆ ಸೇರುತ್ತೆ. ಪಕ್ಷಕ್ಕೆ ಎಷ್ಟು ಸೀಟು ಅಂತ ಗೊತ್ತಾದ ಮೇಲೆ, ಒಳಗೆ ಯಾರಿಗೆ ಜಾಸ್ತಿ ಮತ ಬಿದ್ದಿದೆಯೋ ಅವರು ಗೆಲ್ತಾರೆ.

ಭಾನುವಾರ ಮಹಡಿ ಮೇಲೆ ಬೀದಿಯ 26 ಜನರನ್ನು ಸೇರಿಸಿದೆ. ಮಿರ್ಚಿ ಮಂಡಕ್ಕಿ ಆಸೆ ತೋರಿಸದಿದ್ದರೆ ಆರು ಜನವೂ ಬರುತ್ತಿರಲಿಲ್ಲ. ಒಂದೊಂದು ಕ್ಷೇತ್ರಕ್ಕೆ ಇಬ್ಬರು, ಒಬ್ಬೊಬ್ಬರಿಗೆ 10 ಮೆಕ್ಕೆಜೋಳದ ಕಾಳು. ಒಟ್ಟು 260. ನಾಲ್ಕು ಪಕ್ಷ: ಬೆಣ್ಣೆದೋಸೆ, ಮಂಡಕ್ಕಿ, ಮಿರ್ಚಿ, ಪಡ್ಡು. ಪಕ್ಷಕ್ಕೆ 13 ಹೆಸರಿನಂತೆ 52 ಟೀ ಲೋಟ, ಪ್ರತಿ ಲೋಟದ ಮೇಲೆ ಹೆಸರು, ಊರು. ಅರ್ಧಕ್ಕೆ ಗಾಳಿ ಬಂದು ಮೂಲೆಯ ಐದು ಲೋಟ ಉರುಳಿ ಕಾಳೆಲ್ಲ ಬೆರೆತುಹೋಯಿತು. ಆ ಐದಕ್ಕೆ ಮರುಮತದಾನ. ಎರಡನೇ ಸಲ ಒಬ್ಬಾಕೆ ಮೊದಲು ಹಾಕಿದ ಕಡೆ ಹಾಕಲಿಲ್ಲ, ಅದನ್ನು ಎಲ್ಲರೂ ಗಮನಿಸಿದರು!

ಎಣಿಸಿದಾಗ ಬೆಣ್ಣೆದೋಸೆ 112, ಮಂಡಕ್ಕಿ 93, ಮಿರ್ಚಿ 35, ಪಡ್ಡು 20.

ಹಂಚೋಕೆ ಎರಡು ದಾರಿ ಹಿಡಿದೆ. ಡಿ'ಹಾಂಟ್ ಅಂದರೆ ಪ್ರತಿ ಪಕ್ಷದ ಮತವನ್ನು 1, 2, 3, 4 ಅಂತ ಭಾಗಿಸುತ್ತಾ ಹೋಗಿ, ಬಂದ ಅಂಕಿಗಳಲ್ಲಿ ದೊಡ್ಡ 13ಕ್ಕೆ ಸೀಟು ಕೊಡೋದು. ಸೆಂತ್ ಲಾಗ್‌ನಲ್ಲಿ 1, 3, 5, 7 ಅಂತ ಬೆಸ ಸಂಖ್ಯೆಯಲ್ಲಿ ಭಾಗಿಸೋದು. ಡಿ'ಹಾಂಟ್ ಪ್ರಕಾರ 6, 5, 1, 1. ಸೆಂತ್ ಲಾಗ್ ಪ್ರಕಾರ 5, 5, 2, 1. ಒಂದು ಸೀಟು ದೋಸೆಯಿಂದ ಮಿರ್ಚಿಗೆ ಹಾರಿತು. ದೋಸೆ ಪಕ್ಷದವರು ಗಲಾಟೆ ಶುರು ಮಾಡಿದರು. ‘19 ಕಾಳು ಜಾಸ್ತಿ ನಮ್ದು, ಅವರಿಗೂ ಐದು ನಮಗೂ ಐದಾ?’ ನ್ಯಾಯವೇ. ಆದರೆ 20 ಕಾಳಿಗೆ ಒಂದು ಸೀಟು ಅಂತ ನೇರವಾಗಿ ಹಿಡಿದರೆ ದೋಸೆಗೆ 5.6, ಮಂಡಕ್ಕಿಗೆ 4.65, ಮಿರ್ಚಿಗೆ 1.75. ಅರ್ಧ ಶಾಸಕರನ್ನು ಕಳಿಸೋಕೆ ಆಗಲ್ಲ. ಯಾರೋ ಒಬ್ಬರಿಗೆ ನೋವಾಗಲೇಬೇಕು, ಡಿ'ಹಾಂಟ್ ಆ ನೋವನ್ನು ಸಣ್ಣವರಿಗೆ ಕೊಡುತ್ತೆ. ನಾನು ಸೆಂತ್ ಲಾಗ್ ಇಟ್ಟುಕೊಂಡೆ.

ರಾತ್ರಿ ಅದೇ ಕಾಳನ್ನು ಜಿಲ್ಲೆವಾರು 140 ಮತ್ತು 120 ಅಂತ ಬೇರೆ ಮಾಡಿ, 7 ಮತ್ತು 6 ಸೀಟನ್ನು ಡಿ'ಹಾಂಟ್‌ನಲ್ಲಿ ಹಂಚಿ ನೋಡಿದೆ. ಪಡ್ಡುವಿಗೆ ಸೊನ್ನೆ. ಕಾಳು ಅವೇ 20, ನಡುವೆ ಗೆರೆ ಎಳೆದಿದ್ದಕ್ಕೇ ಸೀಟು ಹೋಯಿತು.

ಆದರೆ ನಿಜವಾದ ಪೆಟ್ಟು ಬಿದ್ದಿದ್ದು ಬೇರೆ ಕಡೆ. ಪಟ್ಟಿಯಲ್ಲಿ ಯಾವ ಊರಿನವರಾದರೂ ಇರಬಹುದು ಅಂತ ಬಿಟ್ಟಿದ್ದೆ. ಗೆದ್ದ 13 ಜನರಲ್ಲಿ 6 ಜನ ದಾವಣಗೆರೆ ನಗರದವರು, 3 ಜನ ಚಿತ್ರದುರ್ಗ ಪೇಟೆಯವರು. ಹರಿಹರಕ್ಕೆ 2, ಹೊನ್ನಾಳಿ, ಚಳ್ಳಕೆರೆಗೆ ಒಂದೊಂದು. ಜಗಳೂರು, ಮೊಳಕಾಲ್ಮೂರು ಕಡೆಯವರು ಒಬ್ಬರೂ ಇಲ್ಲ. ಮೊಳಕಾಲ್ಮೂರು ಪಾಲಿಗೆ ಕೂತಿದ್ದ ಗೆಳೆಯ ಅಲ್ಲಿಯವನೇ. ಅವನು ಖಾಲಿ ಲೋಟ ಎತ್ತಿ ತೋರಿಸಿ ಕೇಳಿದ, ‘ಬೋರ್‌ವೆಲ್ ಕೆಟ್ಟರೆ ನಾನು ಯಾರ ಮನೆ ಮುಂದೆ ನಿಲ್ಲಬೇಕು?’ ಸೂತ್ರದ ತಲೆನೋವೆಲ್ಲ ಒಂದು ತೂಕ, ಈ ಪ್ರಶ್ನೆಯೇ ಒಂದು ತೂಕ.

ಎರಡನೇ ಪ್ರಯೋಗ

ಉತ್ತರ ಸಿಕ್ಕಿದ್ದು ಸ್ಲೊವೇನಿಯಾದಲ್ಲಿ. ಅಲ್ಲಿ 8 ದೊಡ್ಡ ಕ್ಷೇತ್ರ, ಒಂದೊಂದರಲ್ಲಿ 11 ಸಣ್ಣ ಭಾಗ. ಮತದಾರರು ತಮ್ಮ ಭಾಗದ ಅಭ್ಯರ್ಥಿಗೆ ಮತ ಹಾಕ್ತಾರೆ, ನಮ್ಮ ಹಾಗೇ. ಸೀಟು ಹಂಚೋದು ಮಾತ್ರ ಪಕ್ಷದ ಒಟ್ಟು ಮತದ ಮೇಲೆ. ಪಕ್ಷದೊಳಗೆ, ತನ್ನ ಭಾಗದಲ್ಲಿ ನೂರಕ್ಕೆ ಎಷ್ಟು ತಗೊಂಡರು ಅನ್ನೋದರ ಮೇಲೆ ಯಾರು ಒಳಗೆ, ಯಾರು ಹೊರಗೆ ಅನ್ನೋದು ತೀರ್ಮಾನ.

ಇದನ್ನು ಓದಿ ಎದ್ದು ಕೂತೆ. ಮೊದಲ ಪದ್ಧತಿಯಲ್ಲಿ 52 ಹೆಸರು ಇವಿಎಂನಲ್ಲಿ ಹಿಡಿಸೋಕೆ, ಯಂತ್ರಕ್ಕೆ 16 ಗುಂಡಿ ಅಂದರೆ, ನಾಲ್ಕು ಯಂತ್ರ ಸಾಲಾಗಿ ಇಡಬೇಕಿತ್ತು. ಈಗ ಜಗಳೂರಿನ ಯಂತ್ರದಲ್ಲಿ ಜಗಳೂರಿನ ಹೆಸರುಗಳು ಮಾತ್ರ. ಅಜ್ಜಿ ಒತ್ತೋದು ಅದೇ ಒಂದು ಗುಂಡಿ. ಬದಲಾಗೋದು ಎಣಿಕೆ ಮಾತ್ರ. ತೆರೆದ ಪಟ್ಟಿ ಇದಲ್ಲ ಅಂತ ಶಾಸ್ತ್ರ ಬಲ್ಲವರು ಮೂಗು ಮುರಿಯಬಹುದು, ಮುರಿಯಲಿ. ಪಟ್ಟಿಯ ಕ್ರಮವನ್ನು ಪಕ್ಷ ಬರೆಯಲ್ಲ, ಜನ ಬರೀತಾರೆ. ನನಗೆ ಅಷ್ಟು ಸಾಕು.

ಮತ್ತೆ 26 ಜನ, ಈ ಸಲ ಕ್ಷೇತ್ರಕ್ಕೆ ನಾಲ್ಕೇ ಲೋಟ. ಮೊಳಕಾಲ್ಮೂರಿಗೆ ಒಬ್ಬರು ಸಿಕ್ಕರು. ಜಗಳೂರಿಗೆ ಇಬ್ಬರು! ಹೊಸದುರ್ಗಕ್ಕೆ ಯಾರೂ ಇಲ್ಲ. ಅಲ್ಲಿ ನಾಲ್ಕು ಪಕ್ಷಕ್ಕೂ ಕಾಳು ಹೆಚ್ಚುಕಮ್ಮಿ ಸಮ ಬಿದ್ದು, ಯಾರೂ ತಮ್ಮ ಪಕ್ಷದೊಳಗೆ ಮೇಲೆ ಬರಲಿಲ್ಲ. ಸ್ಲೊವೇನಿಯಾದಲ್ಲೂ ಇದೇ ಕಾಯಿಲೆ. ಕೆಲವು ಭಾಗಕ್ಕೆ ಇಬ್ಬರು, ಕೆಲವಕ್ಕೆ ಯಾರೂ ಇಲ್ಲ. ಮದ್ದು ಇನ್ನೂ ಸಿಕ್ಕಿಲ್ಲ.

ಮೀಸಲು

ಇದು ನಾನು ಸುಲಭ ಅಂದುಕೊಂಡು ಕೈ ಸುಟ್ಟುಕೊಂಡ ಜಾಗ. 13ರಲ್ಲಿ ಮೊಳಕಾಲ್ಮೂರು, ಚಳ್ಳಕೆರೆ, ಜಗಳೂರು ಪರಿಶಿಷ್ಟ ಪಂಗಡಕ್ಕೆ, ಹೊಳಲ್ಕೆರೆ, ಮಾಯಕೊಂಡ ಪರಿಶಿಷ್ಟ ಜಾತಿಗೆ. ಈಗಿನಂತೆ ಅಲ್ಲಿ ಮೀಸಲು ಅಭ್ಯರ್ಥಿಗಳನ್ನೇ ನಿಲ್ಲಿಸಿದರೆ ಆಯ್ತಲ್ಲ ಅಂದುಕೊಂಡೆ. ಆಗಲ್ಲ. ಆ ಕ್ಷೇತ್ರದಿಂದ ಯಾರೂ ಗೆಲ್ಲದೆ ಇರಬಹುದಲ್ವಾ, ಆಗ 5 ಸೀಟಿನ ಖಾತ್ರಿ ಎಲ್ಲಿ ಉಳಿಯಿತು?

ಹಳೇ ಕಥೆ ಒಂದು ಸಹಾಯಕ್ಕೆ ಬಂತು. 1952 ಮತ್ತು 1957ರಲ್ಲಿ ನಮ್ಮಲ್ಲೂ ಇಬ್ಬರನ್ನು ಆರಿಸುವ ಕ್ಷೇತ್ರಗಳಿದ್ದವು. ಮೊದಲು ಮೀಸಲು ಅಭ್ಯರ್ಥಿಗಳಲ್ಲಿ ಮುಂದಿರುವವರಿಗೆ ಒಂದು ಸೀಟು, ಆಮೇಲೆ ಉಳಿದ ಎಲ್ಲರಲ್ಲಿ ಮುಂದಿರುವವರಿಗೆ ಇನ್ನೊಂದು. 1957ರಲ್ಲಿ ಆಂಧ್ರದ ಪಾರ್ವತಿಪುರಂನಲ್ಲಿ ಎರಡೂ ಸೀಟು ಪರಿಶಿಷ್ಟ ಪಂಗಡದವರಿಗೆ ಹೋಗಿ, ಮುಂದೆ ರಾಷ್ಟ್ರಪತಿಯಾದ ವಿ.ವಿ. ಗಿರಿ ಸೋತರು. ಕೇಸು ಸುಪ್ರೀಂ ಕೋರ್ಟ್‌ವರೆಗೆ ಹೋಯಿತು, ಅಲ್ಲೂ ಸೋತರು. 1961ರಲ್ಲಿ ಆ ಕ್ಷೇತ್ರಗಳನ್ನೇ ರದ್ದು ಮಾಡಿದರು. ನಾನೂ ಅದೇ ಕ್ರಮ ಎತ್ತಿಕೊಂಡೆ. ಮೊದಲು 5 ಮೀಸಲು ಸೀಟು ತುಂಬೋದು, ಆಮೇಲೆ ಉಳಿದ 8. ಪಕ್ಷದ ಪಾಲು ಮೀರದ ಹಾಗೆ ನೋಡಿಕೊಳ್ಳೋದೇ ಕಷ್ಟ. ಶೀಟಿನಲ್ಲಿ ಆ ಸೂತ್ರ ಮೂರು ಸಲ ಬರೆದು ಮೂರು ಸಲ ಅಳಿಸಿದ್ದೇನೆ.

ಈ ವಾರ

ಪಕ್ಷೇತರರು. 2023ರಲ್ಲಿ ಪಕ್ಕದ ಹರಪನಹಳ್ಳಿಯಲ್ಲಿ ಪಕ್ಷೇತರ ಅಭ್ಯರ್ಥಿಯೇ ಗೆದ್ದಿದ್ದು. ನನ್ನ ಪದ್ಧತಿಯಲ್ಲಿ ಪಕ್ಷೇತರ ಅಂದರೆ ಒಂದೇ ಹೆಸರಿನ ಪಟ್ಟಿ. ಮೊದಲ ಪ್ರಯೋಗದಲ್ಲಿ, ಸೆಂತ್ ಲಾಗ್ ಲೆಕ್ಕದಲ್ಲಿ, ಕೊನೆಯ ಸೀಟು ಹೋಗಿದ್ದು 10.33ಕ್ಕೆ, ಅಂದರೆ ಮಂಡಕ್ಕಿಯ 93ನ್ನು 9ರಿಂದ ಭಾಗಿಸಿದಾಗ ಬಂದ ಅಂಕಿಗೆ. ಅಂದರೆ ಒಂದು ಕ್ಷೇತ್ರದ 20 ಕಾಳಿನಲ್ಲಿ 11 ಅವರಿಗೇ ಬೀಳಬೇಕು. ಈಗ ನಾಲ್ಕೈದು ಜನರ ಪೈಪೋಟಿಯಲ್ಲಿ ಎಂಟು ಕಾಳಿಗೆ ಗೆಲ್ಲುವವರು ನನ್ನ ಲೆಕ್ಕದಲ್ಲಿ ಮನೆಗೆ ಹೋಗ್ತಾರೆ. ಡಿ'ಹಾಂಟ್ ಆದರೆ 19 ಬೇಕು, ಅದರ ಮಾತೇ ಬೇಡ.

ಮೊಳಕಾಲ್ಮೂರಿನ ಗೆಳೆಯನಿಗೆ ಇದನ್ನು ಇನ್ನೂ ಹೇಳಿಲ್ಲ. ಮುಂದಿನ ಸಲ ಪಕ್ಷೇತರನಾಗಿ ನಿಲ್ಲೋದು ಅವನೇ ಅಂತೆ. ಅವನ ಲೋಟ ಬೇರೆ ತೆಗೆದಿಟ್ಟಿದ್ದೇನೆ.