ನಲ್ಲಿ ನೀರು ಸಣ್ಣಗೆ ಬರ್ತಿದೆಯಾ? ಪ್ರೆಷರ್ ಪಂಪ್ ತರುವ ಮುಂಚೆ ಇಷ್ಟು ನೋಡಿ

ಊರ ಕಡೆಯ ಹಳೇ ಮನೆಯಲ್ಲಿ ನಲ್ಲಿ ನೀರು ನೂಲಿನ ಹಾಗೆ ಬರತೊಡಗಿದರೆ ಎಲ್ಲರೂ ಹೇಳುವ ಮದ್ದು ಒಂದೇ: ಪ್ರೆಷರ್ ಪಂಪ್ ಹಾಕಿಸಿ. ಸ್ವಲ್ಪ ತಡೆಯಿರಿ. ದೊಡ್ಡಬಳ್ಳಾಪುರ, ಹೊಸಕೋಟೆ, ಮಾಗಡಿ, ಆನೇಕಲ್ ಸುತ್ತಮುತ್ತ ಮೂವತ್ತು ನಲವತ್ತು ವರ್ಷದ ಮನೆ ಅಂದರೆ ಗೋಡೆಯೊಳಗೆ ಸಾಮಾನ್ಯವಾಗಿ ಜಿಐ ಪೈಪು (ಸತುವಿನ ಲೇಪದ ಕಬ್ಬಿಣದ ಪೈಪು), ಅದರಲ್ಲಿ ಹರಿಯುವುದು ಬೋರ್‌ವೆಲ್‌ನ ಗಡಸು ನೀರು, ಅಂದರೆ ಸುಣ್ಣದಂಶ ಹೆಚ್ಚಿರುವ ನೀರು. ಆ ಪೈಪಿನ ಮೇಲೆ ಪಂಪಿನ ಒತ್ತಡ ಹಾಕಿದರೆ ನಲ್ಲಿಗಿಂತ ಮೊದಲು ಗೋಡೆಯಲ್ಲೇ ನೀರು ಕಾಣಿಸಿಕೊಳ್ಳಬಹುದು.

ಮೊದಲು 10 ಲೀಟರ್ ಬಕೆಟ್ ಹಿಡಿದು ಮನೆಯ ಪ್ರತಿ ನಲ್ಲಿಗೂ ಎಷ್ಟು ಸೆಕೆಂಡ್ ಹಿಡಿಯುತ್ತದೆ ಅಂತ ಬರೆದುಕೊಳ್ಳಿ. ಒಂದೇ ನಲ್ಲಿ ಸಣ್ಣಗಿದ್ದರೆ ತೊಂದರೆ ಅದರ ಜಾಲರಿಯಲ್ಲೋ ಕೆಳಗಿನ ಪುಟ್ಟ ವಾಲ್ವ್ ಆದ ಆಂಗಲ್ ಕಾಕ್‌ನಲ್ಲೋ ಇದೆ. ಬಿಸಿನೀರು ಮಾತ್ರ ಕಮ್ಮಿ ಇದ್ದರೆ ಗೀಸರ್ ಕಡೆ ನೋಡಿ. ಎಲ್ಲಾ ನಲ್ಲಿಯೂ ಒಂದೇ ಸಮ ಕಮ್ಮಿ ಇದ್ದರೆ ಟ್ಯಾಂಕಿನ ಬುಡಕ್ಕೆ ಹೋಗಿ. ಟ್ಯಾಂಕಿನಿಂದ ದೂರ ಹೋದಷ್ಟೂ ಕಮ್ಮಿಯಾಗುತ್ತಾ ಬಂದರೆ ಪೈಪೇ ಕಟ್ಟಿಕೊಂಡಿದೆ. ಬುಸ್ ಬುಸ್ ಅಂತ ಗಾಳಿ ಜೊತೆ ಬಂದು ನಿಂತರೆ ಏರ್‌ಲಾಕ್, ಅಂದರೆ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡಿದೆ.

ಟ್ಯಾಂಕಿನ ಬುಡದಲ್ಲಿ ಸಾಮಾನ್ಯವಾಗಿ ಕೈ ಕೊಡುವುದು, ಚಕ್ರ ತಿರುಗಿಸಿ ನೀರು ಬಿಡುವ ನಿಲ್ಲಿಸುವ ಹಿತ್ತಾಳೆಯ ಗೇಟ್ ವಾಲ್ವ್. ಒಳಗಿನ ಗೇಟು ಸ್ಪಿಂಡಲ್‌ನಿಂದ ಕಳಚಿ ಅರ್ಧಕ್ಕೆ ಕೂತಿರುತ್ತದೆ. ಮೇಲೆ ಚಕ್ರ ಸಲೀಸಾಗಿ ತಿರುಗುತ್ತಿರುತ್ತದೆ, ಹಾಗಾಗಿ ಅದರ ಮೇಲೆ ಅನುಮಾನವೇ ಬರುವುದಿಲ್ಲ. ಅದನ್ನು ರಿಪೇರಿ ಮಾಡಿಸಬೇಡಿ, ತೆಗೆದು ಅದೇ ಅಳತೆಯ ಫುಲ್ ಬೋರ್ (ಒಳದಾರಿ ಪೈಪಿನಷ್ಟೇ ಅಗಲವಿರುವ) ಬಾಲ್ ವಾಲ್ವ್ ಹಾಕಿಸಿ. ಅದನ್ನೂ ತಿಂಗಳಿಗೊಮ್ಮೆ ತೆರೆದು ಮುಚ್ಚಿ ಮಾಡುತ್ತಿರಬೇಕು, ಇಲ್ಲದಿದ್ದರೆ ಸುಣ್ಣ ಕಟ್ಟಿ ಬೇಕಾದ ದಿನ ಅಲ್ಲಾಡುವುದಿಲ್ಲ.

ಇನ್ನು ಜಿಐ ಪೈಪು. ಹಳೇ ಅರ್ಧ ಇಂಚಿನ ಪೈಪನ್ನು ಕತ್ತರಿಸಿ ಬೆಳಕಿಗೆ ಹಿಡಿದರೆ ಪೆನ್ಸಿಲ್ ತೂರುವಷ್ಟೇ ಜಾಗ ಉಳಿದಿರುತ್ತದೆ. ಸುತ್ತ ಕೆಂಪು ಕಂದು ಗಂಟುಗಳು, ನಡುನಡುವೆ ಬಿಳಿ ಸುಣ್ಣದ ಪೊರೆ. ಒಳವ್ಯಾಸ ಅರ್ಧಕ್ಕೆ ಇಳಿದರೆ ನೀರೂ ಅರ್ಧವಾಗುತ್ತದೆ ಅಂದುಕೊಳ್ಳಬೇಡಿ, ಅದೇ ಒತ್ತಡಕ್ಕೆ ಸುಮಾರು ಆರನೇ ಒಂದು ಭಾಗಕ್ಕೆ ಇಳಿಯುತ್ತದೆ. ತುಕ್ಕು ಮೊದಲು ಹತ್ತುವುದು ಜಾಯಿಂಟುಗಳಲ್ಲಿ, ಯಾಕೆಂದರೆ ಥ್ರೆಡ್ ಕೊರೆಯುವಾಗ ಸತುವಿನ ಲೇಪ ಅಲ್ಲಿ ಕಿತ್ತುಹೋಗಿರುತ್ತದೆ. ಬೆಳಗ್ಗೆ ಮೊದಲ ಚೊಂಬು ನೀರು ಕೆಂಪಗೆ ಬಂದು ಆಮೇಲೆ ತಿಳಿಯಾದರೆ ಒಳಗೆ ಇದೇ ನಡೆಯುತ್ತಿದೆ.

ಕೆಲವರು ಪೈಪಿಗೆ ಟಾಯ್ಲೆಟ್ ಆಸಿಡ್ ಬಿಟ್ಟು ತೊಳೆಯುತ್ತಾರೆ. ದಯವಿಟ್ಟು ಬೇಡ. ಆಸಿಡ್ ಸುಣ್ಣದ ಜೊತೆ ಉಳಿದ ಸತುವನ್ನೂ ತಿನ್ನುತ್ತದೆ. ಆಮೇಲೆ ತುಕ್ಕೇ ಮುಚ್ಚಿಕೊಂಡಿದ್ದ ತೂತುಗಳೆಲ್ಲ ಬಾಯಿ ಬಿಡುತ್ತವೆ.

ಕೈ ಹಾಕುವ ಮುಂಚೆ ಒಂದು ಎಚ್ಚರಿಕೆ. ಹಳೇ ನಲ್ಲಿ ಬಿಚ್ಚುವಾಗ ಎರಡು ರೆಂಚ್ ಬೇಕೇಬೇಕು, ಒಂದು ಪೈಪನ್ನು ಅಲ್ಲಾಡದಂತೆ ಹಿಡಿಯಲು, ಇನ್ನೊಂದು ನಲ್ಲಿ ತಿರುಗಿಸಲು. ಒಂದರಲ್ಲೇ ತಿರುಗಿಸಿದರೆ ಆ ತಿರುಚು ಗೋಡೆಯೊಳಗಿನ ಎಲ್ಬೋವರೆಗೂ ಹೋಗಿ, ಥ್ರೆಡ್ ಅಲ್ಲೇ ಮುರಿದು ಕೂರುತ್ತದೆ. ಐದು ನಿಮಿಷದ ಕೆಲಸ ಗೋಡೆ ಒಡೆಯುವವರೆಗೆ ಬರುವುದು ಹೀಗೆ.

ಪೈಪು ಕಟ್ಟಿದೆ ಅಂತ ಖಾತ್ರಿಯಾದರೆ ಗೋಡೆ ಒಡೆಯಬೇಡಿ. ಹಳೇ ಲೈನನ್ನು ಒಳಗೇ ಬಿಟ್ಟು ಎರಡೂ ತುದಿಗೆ ಡಮ್ಮಿ (ಬಾಯಿ ಮುಚ್ಚುವ ಬಿರಡೆ) ಹಾಕಿ, ಹೊಸ ಸಿಪಿವಿಸಿ (ಬಿಸಿನೀರು ತಡೆಯುವ ಪ್ಲಾಸ್ಟಿಕ್ ಪೈಪು) ಲೈನನ್ನು ಗೋಡೆಯ ಮೇಲೇ ಎಳೆಯಿರಿ. ಚೆಂದ ಕಾಣಲ್ಲ, ಒಪ್ಪುತ್ತೇನೆ. ಆದರೆ ಮಣ್ಣಿನ ಗಾರೆಯ ಗೋಡೆಯಲ್ಲಿ ಕಾಲುವೆ ಕೊರೆಯುವುದಕ್ಕಿಂತ ಇದು ಸಾವಿರ ಪಾಲು ವಾಸಿ, ಮುಂದೆ ಸೋರಿದರೂ ಕಣ್ಣಿಗೆ ಬೀಳುತ್ತದೆ. ಟ್ಯಾಂಕಿನಿಂದ ಒಂದು ಇಂಚು, ಮುಖ್ಯ ಲೈನ್ ಮುಕ್ಕಾಲು ಇಂಚು, ನಲ್ಲಿಗೆ ಇಳಿಯುವ ಕೊನೆಯ ತುಂಡು ಮಾತ್ರ ಅರ್ಧ ಇಂಚು. ಮೂರು ಅಡಿಗೊಂದು ಕ್ಲಾಂಪ್. ನಲ್ಲಿ ಕೂರುವ ಕಡೆ ಹಿತ್ತಾಳೆ ಥ್ರೆಡ್‌ನ ಫಿಟಿಂಗ್ ಕೇಳಿ ತನ್ನಿ, ಬರೀ ಪ್ಲಾಸ್ಟಿಕ್ ಥ್ರೆಡ್ ಬಿಗಿ ಮಾಡುವಾಗ ಸೀಳುತ್ತದೆ. ಬಿಸಿನೀರಿಗೆ ಸಿಪಿವಿಸಿಯೇ ಆಗಬೇಕು, ಯುಪಿವಿಸಿ ಅನ್ನುವ ಇನ್ನೊಂದು ಪ್ಲಾಸ್ಟಿಕ್ ಪೈಪು ತಣ್ಣೀರಿಗೆ ಮಾತ್ರ. ಬಿಸಿಲಿಗೆ ಬೀಳುವ ಭಾಗಕ್ಕೆ ನೀರಿನಲ್ಲಿ ಕಲಸುವ ಬಿಳಿ ಪೇಂಟ್ ಬಳಿಯಿರಿ. ಆಯಿಲ್ ಪೇಂಟ್ ಸಿಪಿವಿಸಿಗೆ ಆಗಿಬರುವುದಿಲ್ಲ.

ಅಂಟಿಸುವಾಗ ಪೈಪನ್ನು ನೇರಕ್ಕೆ ಕತ್ತರಿಸಿ, ಅಂಚಿನ ಸಿಬಿರು ಕೆರೆದು, ಒರೆಸಿ ಒಣಗಿಸಿ. ಸಾಲ್ವೆಂಟ್ ಅಂಟು ಪೈಪಿಗೆ ಧಾರಾಳವಾಗಿ, ಫಿಟಿಂಗ್ ಒಳಗೆ ತೆಳ್ಳಗೆ. ಕಾಲು ಸುತ್ತು ತಿರುವುತ್ತಾ ಕೊನೆಯವರೆಗೂ ಒತ್ತಿ ಅರ್ಧ ನಿಮಿಷ ಹಿಡಿದುಕೊಳ್ಳಿ, ಇಲ್ಲದಿದ್ದರೆ ಪೈಪು ತಾನೇ ಹಿಂದಕ್ಕೆ ಸರಿಯುತ್ತದೆ. ಒಂದು ರಾತ್ರಿ ಬಿಟ್ಟು ನೀರು ಬಿಡಿ. ಥ್ರೆಡ್ಡಿಗೆ ಟೆಫ್ಲಾನ್ ಟೇಪ್ ಹತ್ತು ಹನ್ನೆರಡು ಸುತ್ತು, ಫಿಟಿಂಗ್ ಬಿಗಿಯಾಗುವ ದಿಕ್ಕಿಗೇ ಸುತ್ತಬೇಕು. ಉಲ್ಟಾ ಸುತ್ತಿದ ಟೇಪು ತಿರುಗಿಸುತ್ತಿದ್ದಂತೆ ಸುರುಳಿ ಬಿಚ್ಚಿ ಆಚೆ ಬರುತ್ತದೆ.

ಇಷ್ಟಾದ ಮೇಲೂ ಶವರ್ ಜೋರಾಗಿ ಬರಲಿಲ್ಲ ಅಂದರೆ ಅದು ಎತ್ತರದ ಲೆಕ್ಕ. ಹತ್ತು ಮೀಟರ್ ನೀರಿನ ಎತ್ತರಕ್ಕೆ ಸುಮಾರು ಒಂದು ಬಾರ್ ಒತ್ತಡ. ಹೆಂಚಿನ ಮನೆಯ ಪಕ್ಕದ ಕಟ್ಟೆಯ ಮೇಲೆ ಟ್ಯಾಂಕ್ ಕೂತಿದ್ದು, ನೀರಿನ ಮಟ್ಟ ಶವರ್‌ಗಿಂತ ಒಂದೂವರೆ ಮೀಟರ್ ಮೇಲಿದ್ದರೆ ನಿಮಗೆ ಸಿಗುವುದು 0.15 ಬಾರ್. ಪಂಪ್ ಬೇಕಾಗುವುದು ಇಂಥ ಕಡೆ, ಅದೂ ಹೊಸ ಪೈಪಿಗೆ.

ಏರ್‌ಲಾಕ್ ಕಾಡುವುದು ಪೈಪು ತೊಲೆ ಹತ್ತಿ ಇಳಿದು ಹೋಗಿರುವ ಮನೆಗಳಲ್ಲಿ. ಕರೆಂಟ್ ಇಲ್ಲದೆ ಟ್ಯಾಂಕ್ ಖಾಲಿಯಾದಾಗ ಆ ಗೂನಿನಲ್ಲಿ ಗಾಳಿ ಸಿಕ್ಕಿಹಾಕಿಕೊಂಡು, ಟ್ಯಾಂಕ್ ತುಂಬಿದ ಮೇಲೂ ನೀರನ್ನು ಬಿಡುವುದಿಲ್ಲ. ತಾತ್ಕಾಲಿಕಕ್ಕೆ, ಟ್ಯಾಂಕಿಗೆ ತುಂಬುವ ಅದೇ ಬೋರ್ ನೀರಿನ ಹೋಸನ್ನು ಅಡುಗೆಮನೆ ನಲ್ಲಿಗೆ ಬಿಗಿದು, ಟ್ಯಾಂಕ್ ವಾಲ್ವ್ ತೆರೆದಿಟ್ಟು, ಒಂದು ನಿಮಿಷ ಹಿಂದಕ್ಕೆ ನೀರು ತಳ್ಳಿ. ಶಾಶ್ವತಕ್ಕೆ, ಟ್ಯಾಂಕಿನ ವಾಲ್ವ್ ದಾಟಿದ ಕೂಡಲೇ ಟೀ (ಮೂರು ಬಾಯಿಯ ಫಿಟಿಂಗ್) ಹಾಕಿ, ಗಾಳಿ ಆಚೆ ಹೋಗಲು ಒಂದು ವೆಂಟ್ ಪೈಪ್ ನಿಲ್ಲಿಸಿ. ಅದರ ಬಾಯಿ ಟ್ಯಾಂಕಿನ ಮುಚ್ಚಳಕ್ಕಿಂತ ಒಂದಡಿ ಮೇಲಿರಲಿ, ಕೆಳಮುಖವಾಗಿ ಬಾಗಿಸಿ ಜಾಲರಿ ಕಟ್ಟಿ. ಗೂನು ದೊಡ್ಡದಿದ್ದರೆ ಅದರ ನೆತ್ತಿಯ ಮೇಲೂ ಒಂದು ಬೇಕು.

ನಲ್ಲಿಗಳ ವಿಷಯದಲ್ಲಿ ನನ್ನದು ಸ್ವಲ್ಪ ಹಳೇ ಕಾಲದ ಅಭಿಪ್ರಾಯ. ಕಾಲು ಸುತ್ತಿಗೆ ತೆರೆಯುವ ಹೊಸ ನಲ್ಲಿಯೊಳಗೆ ಸೆರಾಮಿಕ್ ಬಿಲ್ಲೆ ಇರುತ್ತದೆ, ಬೋರ್‌ನ ಸಣ್ಣ ಮರಳು ಅದನ್ನು ಗೀರುತ್ತದೆ. ಗೀರು ಬಿದ್ದರೆ ಒಳಗಿನ ಭಾಗವನ್ನೇ ಬದಲಿಸಬೇಕು, ಅದು ಹಳ್ಳಿಯ ಅಂಗಡಿಯಲ್ಲಿ ಸಿಗುವುದು ಕಷ್ಟ. ವಾಷರ್‌ನ ಹಳೇ ನಮೂನೆಯ ನಲ್ಲಿ ಸೋರಿದರೆ ಕೆಲವೇ ರೂಪಾಯಿಯ ವಾಷರ್ ಸಾಕು. ಹೊಸ ವಾಷರ್ ಹಾಕಿದರೂ ತೊಟ್ಟಿಕ್ಕಿದರೆ ಅದು ಕೂರುವ ಜಾಗಕ್ಕೆ ಗುಳಿ ಬಿದ್ದಿದೆ ಅಂತ, ಆಗ ನಲ್ಲಿಯನ್ನೇ ಬದಲಿಸಿ. ಸೋರಿಕೆ ಎಷ್ಟು ಅಂತ ತಿಳಿಯಲು ಲೀಟರ್ ಬಾಟಲಿ ಇಟ್ಟು ನೋಡಿ: ಗಂಟೆಗೆ ಒಂದು ತುಂಬಿದರೆ ದಿನಕ್ಕೆ 24 ಲೀಟರ್.

ನೀರಿನ ಗಡಸುತನ ಒಮ್ಮೆ ಪರೀಕ್ಷೆ ಮಾಡಿಸಿ. ಕುಡಿಯುವ ನೀರಿನ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಾನದಂಡದಲ್ಲಿ ಲೀಟರ್‌ಗೆ 200 ಮಿಲಿಗ್ರಾಂ ಸಮ್ಮತ, ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ಸಹ್ಯ. 600ರ ಹತ್ತಿರ ಇದ್ದರೆ ಗೀಸರ್‌ನ ಆನೋಡ್ ರಾಡನ್ನು (ಒಳಗಿನ ಟ್ಯಾಂಕ್ ತುಕ್ಕು ಹಿಡಿಯದಂತೆ ತಾನೇ ಸವೆಯುವ ಕಡ್ಡಿ) ವರ್ಷಕ್ಕೊಮ್ಮೆ ಬಿಚ್ಚಿಸಿ ನೋಡಬೇಕು. ಶವರ್ ಬಿಲ್ಲೆ, ನಲ್ಲಿ ಜಾಲರಿಗಳನ್ನು ರಾತ್ರಿಯಿಡೀ ವಿನೆಗರ್‌ನಲ್ಲಿ ನೆನೆಹಾಕಿದರೆ ಸಾಕು.

ಸಂಪಿನ ಮೋಟರ್‌ಗೆ ಪ್ರತಿ ಸಲವೂ ಚೊಂಬಿನಲ್ಲಿ ನೀರು ಹುಯ್ಯಬೇಕಾಗಿ ಬಂದರೆ ಮೋಟರ್ ಕೆಟ್ಟಿಲ್ಲ, ಎಳೆಯುವ ಪೈಪಿನ ತುದಿಯಲ್ಲಿ ನೀರನ್ನು ಹಿಂದೆ ಹೋಗದಂತೆ ತಡೆಯುವ ಫುಟ್ ವಾಲ್ವ್ ಹಿಡಿಯುತ್ತಿಲ್ಲ. ಎತ್ತಿ ತೊಳೆದು, ಸಂಪಿನ ತಳದಿಂದ ಒಂದಡಿ ಮೇಲಿರುವಂತೆ ಇಳಿಬಿಡಿ.

ಕೊನೆಗೆ, ವಾರಾಂತ್ಯಕ್ಕೆ ಮಾತ್ರ ಬೀಗ ತೆಗೆಯುವ ಮನೆಯ ಬಚ್ಚಲಲ್ಲಿ ಗಬ್ಬು ವಾಸನೆ ಬಂದರೆ ಗುಂಡಿ ತುಂಬಿದೆ ಅಂತ ಗಾಬರಿಯಾಗಿ ಗಾಡಿ ಕರೆಸಬೇಡಿ. ನಹಾನಿ ಟ್ರ್ಯಾಪ್‌ನಲ್ಲಿ (ಬಚ್ಚಲ ನೀರು ಹೋಗುವ ತೂತಿನ ಕೆಳಗಿನ ಬಟ್ಟಲು) ನಿಂತಿರಬೇಕಾದ ನೀರು ಆರಿಹೋಗಿ ಒಳಗಿನ ಗಾಳಿ ಮೇಲೆ ಬರುತ್ತಿದೆ, ಅಷ್ಟೇ. ಎರಡು ಮಗ್ ನೀರು ಹುಯ್ಯಿರಿ. ತುಂಬಾ ದಿನ ಬೀಗ ಹಾಕುವುದಾದರೆ ಮೇಲೆ ಒಂದು ಚಮಚ ಕೊಬ್ಬರಿ ಎಣ್ಣೆಯನ್ನೂ ಬಿಡಿ, ನೀರು ಬೇಗ ಆರುವುದಿಲ್ಲ.