ಡರಮ್ ಕಥೀಡ್ರಲ್: ಕಲ್ಲಿನ ಚಾವಣಿ ನಿಂತ ಬಗೆ

ಚಿತ್ರದುರ್ಗದ ಕೋಟೆಯಲ್ಲಿ ಗಾರೆಯಿಲ್ಲದೆ ಕಚ್ಚಿಕೂತ ಕಣಶಿಲೆ ಕಂಡವರು ಇಂಗ್ಲೆಂಡಿನ ಮಹಾಚರ್ಚಾದ ಡರಮ್ ಕಥೀಡ್ರಲ್‌ನ ಕಲ್ಲನ್ನೂ ಗಮನಿಸಬೇಕು. ಅದು ಮರಳುಗಲ್ಲು, ಕೆತ್ತಲು ಸಲೀಸು, ಆದರೆ ಗಾಳಿಮಳೆಗೆ ಬೇಗ ಸವೆಯುತ್ತದೆ. ಉತ್ತರ ಫ್ರಾನ್ಸಿನಿಂದ ಬಂದು ಇಂಗ್ಲೆಂಡನ್ನು ಗೆದ್ದಿದ್ದ ನಾರ್ಮನ್ನರು 1093ರಲ್ಲಿ ಶುರುಮಾಡಿದ ಮುಖ್ಯ ಕಟ್ಟಡ 1133ಕ್ಕೆ ಮುಗಿಯಿತು.

ಒಳಗಿನ ದುಂಡು ಕಂಬಗಳ ಸುತ್ತಳತೆಯೂ ಎತ್ತರವೂ ಒಂದೇ, ಸುಮಾರು 6.6 ಮೀಟರ್. ಮೈಮೇಲೆ ಅಂಕುಡೊಂಕು ಗೆರೆ, ವಜ್ರಾಕೃತಿ. ಕಲ್ಲಿನಿಂದ ಕಲ್ಲಿಗೆ ಗೆರೆ ತಪ್ಪದೆ ಸಾಗುವುದನ್ನು ಹತ್ತಿರದಿಂದ ನೋಡಬೇಕು.

ನಿಜವಾದ ಜಾಣ್ಮೆ ಇರುವುದು ಚಾವಣಿಯಲ್ಲಿ. ಅರ್ಧವೃತ್ತದ ಕಮಾನು ತನ್ನ ಅಗಲದ ಅರ್ಧದಷ್ಟೇ ಎತ್ತರ ಏರುತ್ತದೆ. ನಾಲ್ಕು ಕಂಬಗಳ ನಡುವಿನ ಅಂಕಣ 10 ಮೀಟರ್ ಚೌಕವಿದೆ ಎಂದುಕೊಳ್ಳಿ: ಅಡ್ಡ ಕಮಾನು 5 ಮೀಟರ್ ಏರಿದರೆ, ಮೂಲೆಯಿಂದ ಮೂಲೆಗೆ ಹೋಗುವ ಕಮಾನು 7 ಮೀಟರ್ ದಾಟುತ್ತದೆ. ನೆತ್ತಿಗಳು ಸರಿಹೊಂದುವುದಿಲ್ಲ. ಅದಕ್ಕೇ ಇಲ್ಲಿನ ಅಡ್ಡ ಕಮಾನುಗಳನ್ನು ಚೂಪಾಗಿ ಎತ್ತರಿಸಿದರು. ಮುಂದೆ ಬಂದ, ಚೂಪು ಕಮಾನುಗಳ ಗಾಥಿಕ್ ಶೈಲಿಗೆ ದಾರಿ ತೆರೆದದ್ದು ಇಂಥ ಕೆಲಸವೇ.

ಎಲ್ಲವೂ ಸುಸೂತ್ರವಾಗಲಿಲ್ಲ. ಪೂರ್ವ ಭಾಗದ ಮೊದಲ ಚಾವಣಿ ಬಿರುಕುಬಿಟ್ಟಿತು, 13ನೇ ಶತಮಾನದಲ್ಲಿ ಹೊಸದಾಗಿ ಕಟ್ಟಬೇಕಾಯಿತು. 1170ರ ದಶಕದಲ್ಲಿ ಪೂರ್ವದಲ್ಲೇ ಮೇರಿಮಾತೆಯ ಗುಡಿ ಎಬ್ಬಿಸಹೋದಾಗ ನೆಲ ಭಾರ ತಾಳದೆ ಗೋಡೆ ಸೀಳಿತು. ಬಿಷಪ್ ಹ್ಯೂ ಡಿ ಪ್ಯುಸೆ ಅದನ್ನು ಪಶ್ಚಿಮಕ್ಕೆ ಸಾಗಿಸಿದರು. ಗೆಲಿಲಿ ಚಾಪೆಲ್ ಎಂಬ ಆ ಗುಡಿ ಇಂದಿಗೂ ನದಿಯ ಕಡಿದಾದ ದಂಡೆಯ ಅಂಚಿನಲ್ಲಿ ನಿಂತಿದೆ.